ಕಪ್ಪು ಮೂತಿಯ ಟಗರು ಯಾರ ಮಗ?

ತಲೆ ತುಂಬ ಸುರುಳಿ ಕೂದಲಿದ್ದ ಗುಂಗುರು ಮಾವನಿಗೆ ಏನೆಂದರೆ ಏನೂ ಅರ್ಥವಾಗುತ್ತಿರಲಿಲ್ಲ. ತಗಡಿನ ಸೂರಿನ ದೊಡ್ಡಿಯಲ್ಲಿ ಸೊಸೆ ಮತ್ತೊಂದು ಮರಿಯ ಬಾಯಿಗೆ ಬಾಟಲಿ ಹಿಡಿದು ಕೂತಿದ್ದಳು. ಮರಿಯ ಕೆಳದವಡೆ ಗಿಡ್ಡ. ಚೀಪಲು ಬಾರದೆ ಹಾಲೆಲ್ಲ ಗದ್ದದಿಂದ ಇಳಿದುಹೋಗುತ್ತಿತ್ತು. ಈ ಸಲ ಹುಟ್ಟಿದ ಹನ್ನೊಂದರಲ್ಲಿ ನಾಲ್ಕು ಆಗಲೇ ಸತ್ತಿದ್ದವು. ಕುರಿಗಳು ಇನ್ನೇನು ಮತ್ತೆ ಬೆದೆಗೆ ಬರುತ್ತವೆ. ಇನ್ನೊಂದು ಸಲ ಹೀಗಾದರೆ ಮಂದೆಯೇ ಕರಗಿಹೋಗುತ್ತದೆ.

“ಮೇವು ಸರಿಯಾಗಿದೆ, ಲಸಿಕೆ ಹಾಕ್ಸಿದ್ದೀವಿ. ಯಾರ ಕಣ್ಣು ಬಿತ್ತೋ!” ಎಂದ ಮಾವ.

“ನನಗೆ ಟಗರಿನ ಮೇಲೇ ಅನುಮಾನ ಮಾವ.”

ಮಾವ ಸಿಡುಕಿದ. “ಹಳೇ ಟಗರನ್ನ ಅದರ ಹೆಣ್ಣುಮಕ್ಕಳ ಮೇಲೇ ಬಿಡಬೇಡಿ, ಹೊರಗಿನ ರಕ್ತ ತನ್ನಿ ಅಂತ ಬಾಯಿ ಬಡ್ಕೊಂಡವಳು ನೀನೇ ತಾನೆ? ಒಂದು ಹಗಲೆಲ್ಲ ಲಾರೀಲಿ ಕೂತು, ಹೊಳೆ ದಾಟಿ, ದಲ್ಲಾಳಿ ಹಿಡಿದು ತಂದೆ. ನಮ್ಮ ಕುರಿಗಳೆಲ್ಲ ಬೆಳ್ಳಗೆ, ಇದರ ಮೂತಿ ಕರ್ರಗೆ. ಎಲ್ಲಿಗೆಲ್ಲಿಯ ಸಂಬಂಧ?”

ಅಷ್ಟರಲ್ಲಿ ಕುರಿ ಡಾಕ್ಟರಮ್ಮ ಬಂದರು. ಹೋದ ತಿಂಗಳು ಎಲ್ಲ ಕುರಿಗಳ ಕಿವಿಯಿಂದ ಎಳ್ಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಅದರ ವರದಿ ಇಂದು ಕೈಯಲ್ಲಿತ್ತು.

“ಮಾವ, ಆ ಚೂರಲ್ಲಿ ವಂಶವಾಹಿ ಇರುತ್ತೆ. ಅಪ್ಪ ಅಮ್ಮನಿಂದ ಮರಿಗೆ ಬರೋ ಗುಣಗಳ ಬರಹ ಅಂದ್ಕೊಳ್ಳಿ. ಅದನ್ನ ಓದಿ ನೋಡಿದ್ರೆ, ಈ ಟಗರು ನಿಮ್ಮ ಕುರಿಗಳಿಗೆ ಒಡಹುಟ್ಟಿದವನಾಗಬೇಕು.”

ಮಾವ ಪಿಳಿಪಿಳಿ ಕಣ್ಣು ಬಿಟ್ಟ. “ಕಾಗದ ಅದಲುಬದಲಾಗಿದೆ ತಾಯಿ. ಇನ್ನೊಂದ್ಸಲ ನೋಡಿ.”

ಸೊಸೆ ಸುಮ್ಮನಿರುವವಳಲ್ಲ. ದಲ್ಲಾಳಿಯಿಂದ ಟಗರಿನ ಮೊದಲ ಒಡೆಯನ ನಂಬರು ಪಡೆದು ಅಲ್ಲೇ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದಳು.

“ಅದರ ತಾಯಿನಾ? ಮೂರು ವರ್ಷದ ಹಿಂದೆ ಸಂತೇಲಿ ಕೊಂಡಿದ್ದು ಕಣಮ್ಮ. ಗಬ್ಬದ ಕುರಿ. ಮಾರಿದವನ ತಲೆಗೂದಲು ನೋಡಿದ್ರೆ ಅದನ್ನೇ ಕತ್ತರಿಸಿ ಕಂಬಳಿ ನೇಯಬಹುದಿತ್ತು!”

ಸೊಸೆ ಮಾವನ ತಲೆ ನೋಡಿದಳು. ಡಾಕ್ಟರಮ್ಮನೂ ನೋಡಿದರು. ಮಾವ ತನಗರಿವಿಲ್ಲದೆ ತಲೆ ಮುಟ್ಟಿಕೊಂಡ. ತಾನೇ ಮಾರಿದ ಕುರಿಯ ಹೊಟ್ಟೆಯಲ್ಲಿದ್ದ ಹಳೇ ಟಗರಿನ ಮರಿಯನ್ನು ತಾನೇ ಹೋಗಿ ಕರೆತಂದಿದ್ದ! ಅವನ ತಲೆ ಮೊಸರುಗಡಿಗೆಯಾಯಿತು.

“ಹಾಗಾದ್ರೆ ಆ ಕರೀ ಮೂತಿ?”

“ಕೆಲವು ಗುಣಗಳು ಒಳಗೇ ಅಡಗಿರ್ತವೆ ಮಾವ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬಂದ್ರೆ ಮಾತ್ರ ಕಾಣಿಸ್ಕೊಳ್ತವೆ. ಬಣ್ಣನೂ ಹಾಗೆ ಬರಬಹುದು, ದವಡೆ ದೋಷನೂ ಹಾಗೆ ಬರಬಹುದು. ಹತ್ತಿರದ ಸಂಬಂಧದಲ್ಲಿ ಆ ಅಪಾಯ ಜಾಸ್ತಿ,” ಎಂದರು ಡಾಕ್ಟರಮ್ಮ.

ಕಪ್ಪು ಮೂತಿಯದನ್ನು ಅಂದೇ ಬೇರೆ ಕಟ್ಟಿದರು.

ಮೂರು ದಿನ ಕಳೆದು ಕುರಿ ಸಾಕುವ ಐದು ಮನೆಯವರು ಸಂಘದ ಕೋಣೆಯಲ್ಲಿ ಸೇರಿದರು. ತಳಿ ಕೇಂದ್ರದಲ್ಲಿದ್ದ ಐದು ಟಗರುಗಳ ಪಟ್ಟಿಯನ್ನು ಡಾಕ್ಟರಮ್ಮ ಗೋಡೆಗೆ ಅಂಟಿಸಿದರು. ಒಂದೊಂದರ ಮುಂದೆಯೂ ಅಂಕ, ಹೆಚ್ಚು ಅಂಕದ್ದು ಮೊದಲು.

“ಸಾವಿರಾರು ಕುರಿಗಳ ವಂಶವಾಹಿ ಓದಿ, ಅವುಗಳ ತೂಕ, ರೋಗ ತಡೆಯೋ ಶಕ್ತಿ ಜೊತೆ ಹೋಲಿಸಿದ್ದಾರೆ. ಹಾಗಾಗಿ ಒಂದು ಟಗರಿನ ಮರಿಗಳು ಹೇಗಿರಬಹುದು ಅಂತ ಮೊದಲೇ ಹೇಳಬಹುದು. ಅಂದಾಜು ಅಷ್ಟೇ, ಗ್ಯಾರಂಟಿ ಅಲ್ಲ.”

ಯಾರು ಮೊದಲು ಆರಿಸಬೇಕೆಂದು ಚೀಟಿ ಎತ್ತಿದಾಗ ಮೊದಲ ಆಯ್ಕೆ ಮಾವನಿಗೇ ಬಂತು. ಎದುರು ಮನೆಯವನು ಎದ್ದು ನಿಂತ. “ಇನ್ನೇನು ಯೋಚನೆ? ಮಾವ ಒಂದನೇ ನಂಬರಿಂದು ತರಲಿ. ನಮ್ಮೆಲ್ಲರ ಕುರಿಗೂ ಅದನ್ನೇ ಬಿಡೋಣ.”

ಎಲ್ಲರೂ ಹೂಂಗುಟ್ಟಿದರು. ಮಾವನೂ ಹೂಂ ಎನ್ನಲು ಹೋಗಿ ತಡೆದ. ಎಲ್ಲೋ ಏನೋ ಎಡವಟ್ಟಾಗುತ್ತಿದೆ ಎನಿಸಿತು. ಬೆರಳು ಮಡಚಿದ: ನನ್ನ ಮನೆ ಮರಿ, ಎದುರು ಮನೆ ಮರಿ, ಅದರಾಚೆಯ ಮನೆ ಮರಿ...

“ತಾಯಿ, ಎಲ್ಲಕ್ಕೂ ಒಂದೇ ಅಪ್ಪ ಆದ್ರೆ, ಎರಡು ವರ್ಷಕ್ಕೆ ಬೀದಿ ತುಂಬಾ ಅಣ್ಣ ತಂಗೀರೇ ಆಗಲ್ವಾ?”

“ಅದನ್ನೇ ಹೇಳೋಕೆ ಬಾಯಿ ತೆಗೆದಿದ್ದೆ ಮಾವ! ಅಂಕಾನೂ ನೋಡಬೇಕು, ನೆಂಟಸ್ತನಾನೂ ನೋಡಬೇಕು.”

“ಹಾಗಾದ್ರೆ ನನ್ನ ಕುರಿಗಳಿಗೆ ತೀರಾ ದೂರದ್ದು ಯಾವುದು?”

“ನಾಲ್ಕನೇದು. ಅಂಕ ಸ್ವಲ್ಪ ಕಡಿಮೆ, ಆದ್ರೆ ಒಳ್ಳೇ ಟಗರು.”

“ನನಗೆ ಅದೇ ಇರಲಿ.”

“ತಲೆ ಕೆಟ್ಟಿದೆಯಾ ಮಾವ?” ಎಂದ ಎದುರು ಮನೆಯವನು. “ಒಂದನೇದನ್ನ ನಮಗೆ ಬಿಟ್ಟುಕೊಟ್ಟು ನಿಮಗೇನು ಸಿಗುತ್ತೆ?”

“ಮುಂದೆ ಟಗರು ಬೇಕಾದಾಗ ನಿನ್ನ ಮನೆ ಬಾಗಿಲಿಗೇ ಬರ್ತೀನಪ್ಪ. ಆಗ ನಿನ್ನ ದೊಡ್ಡೀಲಿ ನನ್ನ ಕುರಿಗಳಿಗೆ ನೆಂಟನಲ್ಲದ ಟಗರು ಒಂದಾದ್ರೂ ಇರಬೇಕಲ್ಲ?”

ಎದುರು ಮನೆಯವನು ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಕೊನೆಗೆ ಐದು ಮನೆಗೆ ಐದು ಬೇರೆ ಬೇರೆ ಟಗರು ಬಂದವು.

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಟಗರಿನ ತಾಯಿ ಯಾವುದು, ತಂದೆ ಯಾವುದು? ಹೇಳಲು ತಡವರಿಸಿದಿರಾ? ಹಾಗಾದರೆ ಹುಟ್ಟಿದ ಪ್ರತಿ ಮರಿಯ ಕಿವಿಗೂ ನಂಬರು ಹಾಕಿಸಿ, ಅಪ್ಪ ಅಮ್ಮನ ಗುರುತು ಬರೆದಿಡಿ. ಟಗರು ತರುವ ಮೊದಲು ಪಶುವೈದ್ಯರನ್ನು ಕೇಳಿ, ಪರೀಕ್ಷೆಯ ಸೌಲಭ್ಯ ಇದ್ದರೆ ಮಾಡಿಸಿ. ಬಣ್ಣ ನೋಡಿ ನಂಬಬೇಡಿ, ದೂರದ ಊರಿನದೆಂದೂ ನಂಬಬೇಡಿ. ಒಳ್ಳೆಯ ಟಗರು ಸಿಕ್ಕಿತೆಂದು ಊರೆಲ್ಲ ಅದೊಂದರ ಹಿಂದೆಯೇ ಬೀಳಬೇಡಿ. ಮಾವನಿಗೆ ಇದು ತಿಳಿಯುವ ಹೊತ್ತಿಗೆ ನಾಲ್ಕು ಮರಿ ಹೋಗಿದ್ದವು. ನೀವು ಈ ವಾರವೇ ವಿಚಾರಿಸಿ.