ಕರ್ತೃಪದ ಬಿಡದ ದಮಯಂತಿ ಟೀಚರ್

ಯಾರಾದರೂ ‘ನಗರವು ನಾಶಗೊಳಿಸಲ್ಪಟ್ಟಿತು’ ಎಂದರೆ ಸಾಕು, ದಮಯಂತಿ ಟೀಚರ್ ಅವರ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು: “ಯಾರಿಂದ?” ಉಡುಪಿಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು, ಇಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಈ ಕೃಶಾಂಗಿ, ಎಡಗಾಲನ್ನು ತುಸು ಎಳೆದು ನಡೆದರೂ, ಲೋಕಲ್ ರೈಲಿನಲ್ಲಿ ಯಾರು ಸೀಟು ಬಿಟ್ಟುಕೊಟ್ಟರೂ ಕೂರದೆ, ಕಂಬಿ ಹಿಡಿದು ನಿಂತೇ ಓದುವ ಹಠಮಾರಿ.

ಎರಡನೆಯ ಮಹಾಯುದ್ಧದಲ್ಲಿ ನಗರಗಳ ಮೇಲೆ ನಡೆದ ಬಾಂಬ್ ದಾಳಿಯನ್ನು ಇತಿಹಾಸಕಾರರೂ ಸಾಹಿತಿಗಳೂ ಹೇಗೆ ಬರೆದರೆಂಬುದೇ ಅವರ ಜೀವಮಾನದ ಶೋಧ. ಇತಿಹಾಸಕಾರರಲ್ಲಿ ಹಲವರು ಅದನ್ನು ಅನಿವಾರ್ಯವೆಂದರು, ಸಾಹಿತಿಗಳಲ್ಲಿ ಹಲವರು ಬಿರುಗಾಳಿಯಂಥ ವಿಧಿಯೆಂದರು. ಇಬ್ಬರ ವಾಕ್ಯದಲ್ಲೂ ಆಜ್ಞೆಯಿತ್ತವನು ಮಾಯ. ಇದು ಅವರ ದೂರು.

ಆ ಶೋಧವನ್ನೆಲ್ಲ ಅವರು ಒಂದು ಗ್ರಂಥವಾಗಿ ಬರೆದಾಗ, ಹತ್ತಿರದ ನೌಪಾಡಾದ ಕನ್ನಡ ಸಂಘವೊಂದು ಅದನ್ನು ಪ್ರಕಟಿಸಲು ಒಪ್ಪಿತ್ತು. ಬಿಡುಗಡೆಗೆ ವಾಯುಪಡೆಯ ನಿವೃತ್ತ ಅಧಿಕಾರಿ ಮಧ್ವರಾಜರು ಬರುವವರಿದ್ದರು. ಅಚ್ಚಿಗೆ ಹೋಗುವ ಮುನ್ನ ಸಂಘದ ಅಧ್ಯಕ್ಷ, ಹೋಟೆಲಿನ ಲೋಕನಾಥರು, ಸಮಿತಿಯಲ್ಲಿದ್ದ ನನ್ನನ್ನೂ ಕೂರಿಸಿಕೊಂಡು ಮೆಲ್ಲನೆ ಹೇಳಿದರು: “ಟೀಚರ್, ಗೆದ್ದವರೂ ಅಪರಾಧಿಗಳು ಅಂತ ಬರ್ದಿದ್ದೀರಲ್ಲ, ಆ ಚಾಪ್ಟರ್ ಸ್ವಲ್ಪ ಅಡ್ಜಸ್ಟ್ ಮಾಡುವ. ಬಾಂಬು ಬಿತ್ತು, ಜನ ಸತ್ತರು ಅಂದ್ರೆ ಸಾಕಲ್ವಾ?”

“ಮಳೆ ಬೀಳ್ತದೆ ಲೋಕನಾಥರೇ. ಬಾಂಬು ಹಾಕ್ತಾರೆ.”

“ಹಾಗಾದ್ರೆ ಸಂಘಕ್ಕೆ ಕಷ್ಟ.”

“ಬೇಡ ಬಿಡಿ.”

ಹಸ್ತಪ್ರತಿಯನ್ನು ಚೀಲಕ್ಕೆ ತುಂಬಿ, ಚಹಾ ಮುಟ್ಟದೆ ಎದ್ದರು. ನಿವೃತ್ತಿಯ ನಂತರದ ಅಷ್ಟೂ ವರ್ಷಗಳ ದುಡಿಮೆ ಅದು.

ಮುಂದಿನ ರವಿವಾರದಿಂದ, ಖಾರಘರದಲ್ಲಿ ಮಗಳಿರುವ ಹೌಸಿಂಗ್ ಸೊಸೈಟಿಯ ಹಾಲ್‌ನಲ್ಲಿ ವಾರಕ್ಕೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದರು. ಕನ್ನಡ ತಿಳಿದೂ ಮರಾಠಿಯಲ್ಲೇ ಉತ್ತರಿಸುವ ಮೊಮ್ಮಗಳು ಪ್ರಣೀತಾ ನೆರೆಯವರಿಗೆ ಅದನ್ನು ಮರಾಠಿಯಲ್ಲಿ ಹೇಳುತ್ತಿದ್ದಳು. ಗೆದ್ದವರ ಅಧ್ಯಾಯದ ದಿನ, ಸುದ್ದಿ ತಿಳಿದು ಮಧ್ವರಾಜರೂ ಬಂದರು. ಅರ್ಧ ಕೇಳಿ ಎದ್ದುನಿಂತರು: “ಯುದ್ಧ ಬೇಗ ಮುಗೀಲಿ ಅಂತ ಮಾಡಿದ್ದು, ಮೇಡಂ.”

“ಆ ವಾದವನ್ನೂ ಬರ್ದಿದ್ದೇನೆ, ಹೇಳಿದವರ ಹೆಸರಿನ ಜೊತೆಗೆ. ಕೂತ್ಕೊಳ್ಳಿ, ಮುಂದಿನ ಪುಟದಲ್ಲಿದೆ.”

ಅವರು ಕೂತರು, ಆದರೆ ಒಪ್ಪಲಿಲ್ಲ. ಮರುವಾರ ಮತ್ತೆ ವಾದಕ್ಕೆ ಬಂದರು. ಪುಸ್ತಕ ಇನ್ನೂ ಅಚ್ಚಾಗಿಲ್ಲ. ಓದು ನಡೆದಿದೆ.

ಇಂಥವರು ಸಂಘಸಂಸ್ಥೆಗಳಿಗೆ ಅನುಕೂಲದವರಲ್ಲ, ಬಂಧುಗಳಿಗೂ ಅಲ್ಲ. ಸತ್ತವರ ಪರವಾಗಿ ಕೇಳಬೇಕಾದುದನ್ನು ಬದುಕಿರುವವರ ಮುಜುಗರಕ್ಕಾಗಿ ನುಂಗಿಕೊಳ್ಳಲಾರದ ಜನ ಇವರು. ಯಾವ ಊರಿನಲ್ಲೂ ಇವರ ಸಂಖ್ಯೆ ಹೆಚ್ಚಿರುವುದಿಲ್ಲ. ಇವರೇ ಇಲ್ಲದ ಕಡೆ ಇತಿಹಾಸವೆಂಬುದು ಗೆದ್ದವರು ತಮಗೆ ತಾವೇ ಅರ್ಪಿಸಿಕೊಂಡ ಬಿನ್ನವತ್ತಳೆಯಾಗಿ ಉಳಿದುಬಿಡುತ್ತದೆ.