ಪಿಕ್ಚರ್ ಹೇಳುವವಳು

ರಾಧಿಕಾ ಬಾಗಿಲ ಬೆಳಕಿಗೆ ಕೂತು ಸೂಜಿಗಳಿಗೆ ದಾರ ಪೋಣಿಸುತ್ತಿದ್ದಳು. ಒಂದೊಂದನ್ನೂ ಪೋಣಿಸಿ, ದಾರದ ತುದಿಗೆ ಗಂಟು ಹಾಕಿ, ಹಳೆಯ ಕುಪ್ಪಸದ ತುಂಡಿಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಒಳಗೆ ಅವ್ವ ರೇವಮ್ಮ ತಲೆ ಬಾಚಿಕೊಳ್ಳುತ್ತಿದ್ದಳು. ಪೋಣಿಸು ಎಂದು ಅವ್ವ ಎಂದೂ ಹೇಳಿದವಳಲ್ಲ, ಪೋಣಿಸಿದ್ದೇನೆ ಎಂದು ಮಗಳೂ ಹೇಳಿದವಳಲ್ಲ. ಅಂಗಳದಲ್ಲಿ ಹೆಂಗಸರು ಸೇರಿದ ಮೇಲೆ ರೇವಮ್ಮ ಆ ತುಂಡಿನ ಮೇಲೆ ಬೆರಳಾಡಿಸಿ ಒಂದು ಸೂಜಿ ಎಳೆದುಕೊಳ್ಳುವಳು, ತಾನೇ ಪೋಣಿಸಿಟ್ಟವಳಂತೆ.

ಕಮಲಾಪುರದ ಆ ಓಣಿಯಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವುದು ಒಬ್ಬಳ ಕೆಲಸವಲ್ಲ. ಯಾರ ಮನೆಯದೇ ಇರಲಿ, ಅದನ್ನು ರೇವಮ್ಮನ ಅಂಗಳದ ಬೇವಿನ ನೆರಳಿಗೆ ಹಾಸಿ, ಸುತ್ತ ಕೂತು ಎಲ್ಲರೂ ಹೊಲಿಯಬೇಕು. ಅಲ್ಲಿ ಒಂದು ಕಟ್ಟಳೆಯಿತ್ತು. ಕಲಬುರಗಿಗೆ ಹೋಗಿ ಪಿಕ್ಚರ್ ನೋಡಿ ಬಂದವಳು ಅದನ್ನು ಉಳಿದವರಿಗೆ ಹೇಳಬೇಕು. ಹೇಳುವವಳ ಕೈಗೆ ಸೂಜಿ ಕೊಡುವಂತಿಲ್ಲ. ಅವಳ ಪಾಲಿನದನ್ನು ಉಳಿದವರೇ ಹೊಲಿಯಬೇಕು.

ರೇವಮ್ಮನ ಕೈಗೆ ಎಷ್ಟೋ ವರ್ಷ ಸೂಜಿ ಬಂದಿದ್ದೇ ಕಡಿಮೆ. ಹೇಳುವವಳು ಹೆಚ್ಚಾಗಿ ಅವಳೇ. ಕತೆಯಲ್ಲಿ ಹೊಡೆದಾಟ ಬಂದರೆ ತೊಡೆ ತಟ್ಟಿ ಸಪ್ಪಳ ಮಾಡುವಳು, ಖಳನಾಯಕ ಬಂದರೆ ಸೆರಗನ್ನು ಅರ್ಧ ಮುಖಕ್ಕೆ ಎಳೆದುಕೊಂಡು ಒಂದೇ ಕಣ್ಣಲ್ಲಿ ನೋಡುವಳು. ಗಂಡ ದೌಲಪ್ಪ ತೀರಿಕೊಂಡಾಗ ರಾಧಿಕಾ ಎಂಟನೇ ಇಯತ್ತೆಯಲ್ಲಿದ್ದಳು. ಆಮೇಲೆ ಶಾಲೆಗೆ ಹೋಗಲಿಲ್ಲ. ಆ ವರ್ಷವೆಲ್ಲ ಬಾಯಿ ಬಿಡದಿದ್ದ ರೇವಮ್ಮ ಮೊದಲು ನಕ್ಕಿದ್ದು ಟಾಕೀಜಿನ ಕತ್ತಲೆಯಲ್ಲಿ, ಹೀರೋ ಒಬ್ಬನೇ ಊರು ತುಂಬ ಗೂಂಡಾಗಳನ್ನು ಹೊಡೆದು ಅಂಗಿಯ ಧೂಳು ಕೊಡವಿಕೊಂಡಾಗ. ಪಕ್ಕದಲ್ಲಿ ಕೂತಿದ್ದ ರಾಧಿಕಾ ಪರದೆ ಬಿಟ್ಟು ಅವ್ವನ ಮುಖವನ್ನೇ ನೋಡಿದ್ದಳು.

ಈಗ ರೇವಮ್ಮನ ಶುಗರ್ ಕಣ್ಣಿಗೆ ಇಳಿದಿತ್ತು. ಒಂದು ಕಣ್ಣು ಹೋಗಿಯೇ ಹೋಗಿತ್ತು. ಇನ್ನೊಂದರಲ್ಲಿ ಹೊಗೆಯೊಳಗಿಂದ ಕಂಡಂತೆ ಅಷ್ಟಿಷ್ಟು ಕಾಣುತ್ತಿತ್ತು. ಅದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೌದಿಯ ಮೇಲೆ ಅವಳ ಹೊಲಿಗೆ ಸೊಟ್ಟ ಹೋಗುತ್ತಿತ್ತು. ಪಕ್ಕದಲ್ಲಿ ಕೂರುವ ಹಲೀಮಾ ಯಾರಿಗೂ ಕಾಣದಂತೆ ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಹಳೆಯ ಪಿಕ್ಚರುಗಳನ್ನೇ ಮತ್ತೆ ಹೇಳಹೋದರೆ ಓಣಿಯ ಗೆಳತಿ ಜಯದೇವಿ ತಡೆಯುವಳು. "ಅದು ಕೇಳೀವಿ ರೇವಕ್ಕ. ಕೊನೀಗಿ ಅವರವ್ವ ಸಿಗ್ತಾಳ."

ಆ ದಿನಗಳಲ್ಲಿ ಒಂದು ದೊಡ್ಡ ಪಿಕ್ಚರ್ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಬಾಳೆಯ ತೋಟದಲ್ಲಿ ಅದರದೇ ಮಾತು.

"ಹೀರೋ ಒಂದ ಕೈಲೆ ಬಸ್ ಎತ್ತತಾನಂತ," ಎಂದಳು ಜಯದೇವಿ.

"ಖಾಲಿ ಬಸ್ಸೊ, ಮಂದಿ ಇರ್ತಾರೊ?" ಹಲೀಮಾ ಕೇಳಿದಳು.

"ಮಂದಿ ಇರ್ತಾರ. ಒಳಗ ಕಂಡಕ್ಟರ್ ಟಿಕೆಟ್ ಕೊಡ್ಲಾಕತ್ತಿರ್ತಾನ."

ಎಲ್ಲರೂ ನಕ್ಕರು. ರೇವಮ್ಮ ಎಲ್ಲರಿಗಿಂತ ತಡವಾಗಿ ನಗು ನಿಲ್ಲಿಸಿದಳು. ಫೋನಿನಲ್ಲಿ ತೋರಿಸಿದರೆ ಅವಳಿಗೆ ಬಣ್ಣ ಕದಡಿದ ಹಾಗೆ ಕಾಣುತ್ತಿತ್ತು, ಅಷ್ಟೇ. "ಪರದಾ ದೊಡ್ಡದಿದ್ರ ಇನ್ನಾ ಕಾಣ್ತದ ನನಗ," ಎಂದು ಅವಳು ಹೇಳಿದ್ದು ತನಗೇ ಎಂದು ರಾಧಿಕಾಳಿಗೆ ಮಾತ್ರ ಗೊತ್ತಿತ್ತು.

ಆ ವಾರವೇ ಅಣ್ಣ ಅರುಣಕುಮಾರನ ಫೋನು ಬಂತು. ಅವನು ಕಲಬುರಗಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ. ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಇದ್ದ. "ಅವ್ವಾ, ಐತಾರ ಬಾ. ನಿನಗ ಒಂದು ಛಲೋ ಸಿನಿಮಾ ತೋರಸ್ತೀನಿ."

ರೇವಮ್ಮ ಅಂಗಳಕ್ಕೆ ಬಂದು ಸಾರಿದಳು. "ಸೋಮವಾರ ನನ್ನ ಕೈಗಿ ಸೂಜಿ ಕೊಡಬ್ಯಾಡ್ರಿ ಮತ್ತ."

ಭಾನುವಾರ ಅವಳು ಇಳಕಲ್ ಸೀರೆ ಉಟ್ಟಳು. ಇಂಟರ್‌ವಲ್ಲಿನಲ್ಲಿ ತಿನ್ನಲು ಎಂದು ಕೆಂಪು ಬಾಳೆಹಣ್ಣನ್ನು ಚೀಲದಲ್ಲಿ ಹಾಕಿಕೊಂಡಳು. ಬಸ್ಸಿನ ತುಂಬ ಅದರದೇ ವಾಸನೆ. ಅಣ್ಣ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಆಟೋ ಟಾಕೀಜಿನ ರಸ್ತೆಗೆ ತಿರುಗಿತು. ಮಾಳಿಗೆಯೆತ್ತರ ಹೀರೋನ ಕಟೌಟು, ಕೊರಳಿಗೆ ಹೂವಿನ ಹಾರಗಳು, ಕೆಳಗೆ ಹುಡುಗರ ಗದ್ದಲ.

"ಕೆಂಪಂದು ಏನೋ ಕಾಣ್ತದಲ್ಲ, ಅದ ಅಲ್ಲೇನು? ಇಲ್ಲೇ ಇಳೀಬೇಕಲ್ಲಪಾ?" ರೇವಮ್ಮ ಸೆರಗು ಸರಿಮಾಡಿಕೊಂಡಳು.

"ಅದೆಲ್ಲಾ ಟೈಂಪಾಸ್ ಅವ್ವಾ. ಬರೇ ಹೊಡದಾಟ, ಬರೇ ಸುಳ್ಳು. ನಾ ತೋರಸೋದು ಖರೇ ಸಿನಿಮಾ. ನಿನ್ನಂಥಾಕಿದೇ ಕತಿ. ಇಂಥಾವು ನಮ್ಮ ಮಂದಿಗಿ ಯಾರೂ ತೋರಸಲ್ಲ."

ಅವನ ದನಿಯಲ್ಲಿ ಪ್ರೀತಿಯೇ ಇತ್ತು. ರಾಧಿಕಾಳ ಬಾಯಿಗೆ ಮಾತು ಬಂತು. ಆದರೆ ಅಣ್ಣನ ಮುಂದೆ ಅವಳಿಗೆ ಯಾವಾಗಲೂ ಮಾಸ್ತರರ ಮುಂದೆ ನಿಂತ ಹಾಗೆ. ಅವಳು ಬಾಳೆಹಣ್ಣಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಟೋ ಮುಂದೆ ಹೋಯಿತು. ಕೆಂಪು ಬಣ್ಣ ಹಿಂದೆ ಸರಿಯುವವರೆಗೂ ಅವ್ವ ಕತ್ತು ತಿರುಗಿಸಿಯೇ ಇದ್ದಳು.

ಅದೊಂದು ಸಣ್ಣ ಸಭಾಂಗಣ. ಅಣ್ಣನೂ ಅವನ ಗೆಳೆಯರೂ ತಿಂಗಳಿಗೊಮ್ಮೆ ಅಲ್ಲಿ ಸಿನಿಮಾ ತೋರಿಸುತ್ತಿದ್ದರು. ಗೋಡೆಗೆ ಕಟ್ಟಿದ ಪರದೆ ಹಾಸಿಗೆಯ ಚಾದರಕ್ಕಿಂತ ಸ್ವಲ್ಪ ದೊಡ್ಡದು. ದೀಪ ಆರಿತು. ಪರದೆಯ ಮೇಲೆ ಒಂದು ಮನೆ, ಮುಚ್ಚಂಜೆ, ಬುಡ್ಡಿದೀಪದ ಬೆಳಕು.

"ಲೈಟ್ ಹೋಗ್ಯಾವೇನ ರಾಧಿ?"

"ಇಲ್ಲವ್ವ. ಪಿಕ್ಚರ್‌ದಾಗೇ ಕತ್ತಲಿ ಅದ."

"ಏನ್ ಕಾಣ್ತದ?"

"ಒಬ್ಬಾಕಿ ಕೂತಾಳ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಈಗ?"

"ಇನ್ನಾ ಕೂತಾಳ."

ಮುಂದಿನ ಸಾಲಿನವರೊಬ್ಬರು ತಿರುಗಿ ನೋಡಿದರು. ರಾಧಿಕಾ ದನಿ ತಗ್ಗಿಸಿದಳು. ಮೊದಮೊದಲು ಕಂಡಷ್ಟನ್ನು ಅವ್ವನ ಕಿವಿಯಲ್ಲಿ ಹೇಳಿದಳು. ಆಮೇಲೆ ಪರದೆಯ ಮೇಲಿನ ಹೆಂಗಸು ಎದ್ದಳು. ಎರಡು ಕೌದಿ ತಂದು ಹಾಸಿದಳು. ನಿಂತು ನೋಡಿದಳು. ಸತ್ತ ಗಂಡನ ಕೌದಿಯನ್ನು ಮಡಚಿ ಮತ್ತೆ ಗೂಟಕ್ಕೆ ಹಾಕಿದಳು. ಮರುದಿನ ಮತ್ತೆ ಎರಡು ಹಾಸಿದಳು. ಅಪ್ಪ ಹೋದ ವರ್ಷ ಅವ್ವ ಹೀಗೆಯೇ ಮಾಡುತ್ತಿದ್ದುದನ್ನು ರಾಧಿಕಾ ನಿದ್ದೆ ಬಂದವಳಂತೆ ಮಲಗಿ ನೋಡಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಈ ಸಿನಿಮಾ ಮಾಡಿದವರಿಗೆ ಹೇಗೆ ಗೊತ್ತಾಯಿತು? ಅವಳು ಪರದೆಯೊಳಗೇ ಹೋಗಿಬಿಟ್ಟಳು. ಯಾರೋ ತೋಳು ಜಗ್ಗುತ್ತಿದ್ದರು. "ಏನಾತು? ರಾಧಿ, ಏನಾತು ಈಗ?" ಅವಳು ಕೇಳಿಸಿಕೊಂಡಳು, ಕಣ್ಣು ಮಾತ್ರ ಪರದೆ ಬಿಟ್ಟು ಬರಲಿಲ್ಲ.

ದೀಪ ಹತ್ತಿತು. ರೇವಮ್ಮ ಚೀಲಕ್ಕೆ ಕೈ ಹಾಕಿದಳು. "ಇಂಟರ್‌ವಲ್ ಏನ?"

"ಮುಗೀತವ್ವ."

ಮುಂದೆ ಚರ್ಚೆ ನಡೆಯಿತು. ಕನ್ನಡಕದವರು, ಗಡ್ಡದವರು ಎದ್ದು ಎದ್ದು ಮಾತಾಡಿದರು. ಕೊನೆಗೆ ಅರುಣಕುಮಾರ ಮೈಕು ತಂದ. "ಇವರು ನಮ್ಮ ತಾಯಿ. ಕಮಲಾಪುರದಿಂದ ಬಂದಾರ. ಈ ಸಿನಿಮಾದ ನಿಜವಾದ ಪ್ರೇಕ್ಷಕರು ಇವರು. ಅವ್ವಾ, ಹೆಂಗ ಅನಿಸ್ತು ಹೇಳು."

ರೇವಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಛಲೋ ಅದರಿ," ಎಂದಳು. ಎಲ್ಲರೂ ಕಾಯುತ್ತಿದ್ದುದು ಅವಳಿಗೂ ತಿಳಿಯಿತು. "ಎಲ್ಲಾರೂ ಬಾಳಿಹಣ್ಣ ತಿನ್ರಿ," ಎಂದಳು.

ಸಭೆ ನಕ್ಕು ಚಪ್ಪಾಳೆ ತಟ್ಟಿತು.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣನ ಕಣ್ಣು ಒದ್ದೆಯಾಗಿತ್ತು. "ಅಪ್ಪ ನೆನಪಾದ ಅಲ್ಲೇನವ್ವಾ?"

"ಹೂಂನಪಾ."

ರಾಧಿಕಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು, ನೆಲ ನೋಡುತ್ತ ಹೇಳಿದಳು. "ಅಣ್ಣಾ, ಮುಂದಿನ ವಾರ ಆ ಬ್ಯಾರೇದು, ದೊಡ್ಡದು..."

"ಪರೀಕ್ಷಾ ಅವ ತಂಗಿ. ಮುಂದಿನ ತಿಂಗಳ ನೋಡಮ್. ಅಂಥಾವು ಬರ್ತಾನೇ ಇರ್ತಾವ."

ಅವು ಬರುತ್ತಲೇ ಇರುತ್ತವೆ ಎಂಬುದು ಸುಳ್ಳೇನೂ ಆಗಿರಲಿಲ್ಲ.

ಸೋಮವಾರ ಅಂಗಳದಲ್ಲಿ ಹೊಸ ಕೌದಿ ಹಾಸಿದ್ದರು. ರೇವಮ್ಮ ಬೇವಿನ ಬುಡಕ್ಕೆ ಒರಗಿ ಕೂತಳು. ಯಾರೂ ಅವಳ ಕೈಗೆ ಸೂಜಿ ಕೊಡಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು.

"ಒಬ್ಬಾಕಿ ಇರ್ತಾಳ. ಮನ್ಯಾಗ ಕೂತಾಳ."

"ಹಾಂ. ಹೀರೋ ಎಲ್ಲಿಂದ ಬರ್ತಾನ?" ಜಯದೇವಿ ಕೇಳಿದಳು.

"ಅವ ಸತ್ತಾನ."

"ಮೊದಲೇ?"

"ಮೊದಲೇ."

"ಆಮ್ಯಾಲ?"

ರೇವಮ್ಮನ ಕೈ ತೊಡೆಯ ಮೇಲೆ ಎದ್ದು, ತಟ್ಟಲು ಏನೂ ಇಲ್ಲದೆ ಅಲ್ಲೇ ಇಳಿಯಿತು. "ಆಮ್ಯಾಲ ಕೂತಾಳ."

ಒಂದು ಗಳಿಗೆ ಹೆಂಗಸರು ಚೇಷ್ಟೆಯೆಂದುಕೊಂಡು ನಕ್ಕರು. ಹೋದ ವರ್ಷ ಗಂಡನನ್ನು ಕಳೆದುಕೊಂಡಿದ್ದ ಸಾವಿತ್ರಿಬಾಯಿ ನಗಲಿಲ್ಲ. ಹಾಲು ಒಲೆಯ ಮೇಲಿದೆ ಎಂದು ಎದ್ದು ಹೋದಳು.

"ಇದಕ್ಕ ಕಲಬುರಗಿ ತನಕ ಹೋಗಬೇಕಿತ್ತೇನ್ ರೇವಕ್ಕ," ಎಂದಳು ಜಯದೇವಿ. "ನಮ್ಮ ಮನಿಗಿ ಬಂದಿದ್ರ ಕೂತಾಕಿನ್ನ ನಾ ಪುಕಟ್ ತೋರಸ್ತಿದ್ದೆ." ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಹಾಗೆ ಅನ್ನುತ್ತಲೇ ಅವಳು ಒಂದು ಸೂಜಿ ಎಳೆದು ರೇವಮ್ಮನ ಅಂಗೈಯಲ್ಲಿಟ್ಟಳು. ರೇವಮ್ಮ ಕೌದಿಯ ಅಂಚು ಹುಡುಕಿ ತೊಡೆಗೆ ಎಳೆದುಕೊಂಡಳು.

ದೊಡ್ಡ ಪಿಕ್ಚರ್ ಟಾಕೀಜು ಬಿಟ್ಟು ಹೋಯಿತು. ಜಯದೇವಿ ಅದನ್ನು ಮಗನ ಫೋನಿನಲ್ಲಿ ನೋಡಿದಳು. "ಛಲೋ ಅದ, ಫೈಟ್ ಭಾಳ ಅವ," ಎಂದಷ್ಟೇ ಹೇಳಿ ಸೂಜಿ ಹಿಡಿದಳು. ಮುಂದಿನ ತಿಂಗಳು ಅಣ್ಣನ ಫೋನು ಬಂತು. ಅವನು ಕಣ್ಣಿನ ಡ್ರಾಪ್ಸಿನ ಬಗ್ಗೆ ಕೇಳಿದ. ಆ ಹೊತ್ತಿಗೆ ರೇವಮ್ಮ ಬಾಗಿಲ ಚೌಕಟ್ಟನ್ನು ತಡವಿ ಹೊರಗೆ ಬರುತ್ತಿದ್ದಳು. ಬೆಳಕು ಯಾವ ಕಡೆಗಿದೆ ಎಂಬುದಷ್ಟೇ ಅವಳಿಗೆ ತಿಳಿಯುತ್ತಿತ್ತು.

ರಾಧಿಕಾ ಈಗಲೂ ಸೂಜಿಗಳಿಗೆ ದಾರ ಪೋಣಿಸಿಡುತ್ತಿದ್ದಳು. ಅವ್ವ ಒಂದನ್ನು ಎಳೆದು ಹಿಡಿದುಕೊಳ್ಳುವಳು, ಚುಚ್ಚುತ್ತಿರಲಿಲ್ಲ. ಹೆಂಗಸರು ಅವಳ ಪಾಲನ್ನು ಸುಮ್ಮನೆ ಹೊಲಿದುಬಿಡುತ್ತಿದ್ದರು. ನಡುವೆ ಯಾರದೋ ಫೋನಿನಲ್ಲಿ ಹಾಡು ಬರುತ್ತಿತ್ತು. ಒಂದು ಮಧ್ಯಾಹ್ನ ಫೋನಿನ ಚಾರ್ಜು ಮುಗಿದು ಹಾಡು ನಿಂತಿತು. ಬಟ್ಟೆಯೊಳಗಿಂದ ದಾರ ಜಗ್ಗುವ ಸಪ್ಪಳ ಮಾತ್ರ ಉಳಿಯಿತು. ರೇವಮ್ಮ ಮಗಳು ಕೂತ ಕಡೆಗೆ ಮುಖ ತಿರುಗಿಸಿದಳು. ಹೆಂಗಸರೂ ಕತ್ತೆತ್ತಿ ರಾಧಿಕಾಳನ್ನು ನೋಡಿದರು. ಅವಳು ತಲೆ ತಗ್ಗಿಸಿ ಸೂಜಿ ಚುಚ್ಚಿದಳು, ಎಳೆದಳು, ಮತ್ತೆ ಚುಚ್ಚಿದಳು.

ರೇವಮ್ಮನೇ ಕೇಳಿದಳು. "ರಾಧಿ, ಆ ಪಿಕ್ಚರ್‌ದಾಗ ಆಕಿ ಕೂತಿದ್ಲಲ್ಲ, ಆಮ್ಯಾಲ ಏನ್ ಮಾಡಿದ್ಲು ಹೇಳವ್ವ."