ಹೊಲಿಗೆ ಬಿಚ್ಚಿದ ಸತ್ಯಪ್ಪ

ಒಂದೂರಿನಲ್ಲಿ ಒಬ್ಬ ರಾಕ್ಷಸನಿದ್ದನಂತೆ. ಕತ್ತಿಯಿಂದ ಕಡಿದರೆ ಸಾಯುವವನಲ್ಲ, ಬೆಂಕಿಗೆ ಎಸೆದರೆ ಬೇಯುವವನಲ್ಲ. ಯಾಕೆಂದರೆ ಅವನ ಪ್ರಾಣ ಅವನ ಮೈಯಲ್ಲಿ ಇರಲೇ ಇಲ್ಲ, ಬೇರೆಲ್ಲೋ ಬಚ್ಚಿಟ್ಟಿದ್ದ. ಅಜ್ಜಿ ಈ ಕತೆ ಹೇಳಿದಾಗಲೆಲ್ಲ ಆ ಜಾಗ ಬದಲಾಗುತ್ತಿತ್ತು. ಒಮ್ಮೆ ಗಿಳಿ, ಒಮ್ಮೆ ದುಂಬಿ, ಅಜ್ಜಿಗೆ ನಿದ್ದೆ ಬಂದ ದಿನ ಅಡುಗೆಮನೆಯ ಸೌಟು. ಮೊಮ್ಮಗಳು ಮಾತ್ರ ಪ್ರತಿ ಸಲವೂ ಕಣ್ಣರಳಿಸಿ ನಂಬುತ್ತಿದ್ದಳು. ಮನೆಯವರು ಅವಳನ್ನು ‘ಕನಸಿನ ಗಂಟು’ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ.

ಅವಳ ಅಪ್ಪನದು ಚರ್ಮದ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಚರ್ಮ ಕತ್ತರಿಸುವನು, ಅಣ್ಣ ಅಂಟು ಹಚ್ಚಿ ಸುತ್ತಿಗೆಯಿಂದ ತಟ್ಟುವನು, ಅವಳು ದಬ್ಬಳ ಹಿಡಿದು ಹೊಲಿಯುವಳು. ಎಡಗೈಯವಳಾದ್ದರಿಂದ ಅವಳ ಹೊಲಿಗೆ ಒಂದು ಪಕ್ಕಕ್ಕೆ ವಾಲುತ್ತಿತ್ತು. “ಗಾಳಿಗೆ ಬಗ್ಗಿದ ಹುಲ್ಲು ಹೊಲಿದಿದ್ದಾಳೆ” ಎಂದು ಅಣ್ಣ ನಗುತ್ತಿದ್ದ.

ಠಾಣೆಯ ಚರ್ಮದ ಸಾಮಾನೆಲ್ಲ ಈ ಅಂಗಡಿಯದೇ. ಸೊಂಟದ ಬೆಲ್ಟು, ಪಿಸ್ತೂಲಿನ ಚೀಲ, ಅವುಗಳ ಜೊತೆಗೆ ಇನ್ನೊಂದು: ಮರದ ಹಿಡಿಯ, ಎರಡು ಪದರದ ದಪ್ಪ ಪಟ್ಟಿ. ಅದಕ್ಕೆ ಊರು ಇಟ್ಟ ಹೆಸರು ಸತ್ಯಪ್ಪ. ಹೊಸ ಸಾಹೇಬ ಬಂದಾಗಲೆಲ್ಲ ಹೊಸ ಸತ್ಯಪ್ಪನನ್ನು ಮಾಡಿ ಕಾಣಿಕೆ ಕೊಡುವುದು ತಾತನ ಕಾಲದ ರೂಢಿ. ಹೊಲಿಗೆ ಬಿಟ್ಟರೆ ಅದು ಬೆಲ್ಟುಗಳ ಗಂಟಿನಲ್ಲಿ ರಿಪೇರಿಗೆ ವಾಪಸು ಬರುತ್ತಿತ್ತು.

“ಸತ್ಯಪ್ಪ ಒಂದು ಸಲ ಮಾತಾಡಿಸಿದ್ರೆ ಸಾಕು, ಮೂಕನೂ ಬಾಯಿ ಬಿಡ್ತಾನೆ,” ಎಂದು ಅಪ್ಪ ಊಟಕ್ಕೆ ಕುಳಿತಾಗ ಹೆಮ್ಮೆಪಟ್ಟುಕೊಂಡ.

“ಬಾಯಿ ಬಿಟ್ಟು ಏನು ಹೇಳ್ತಾನಪ್ಪಾ?” ಎಂದ ಅಣ್ಣ. “ಹೊಡೆಯೋನಿಗೆ ಏನು ಬೇಕೋ ಅದನ್ನೇ. ನನ್ನ ಬೆನ್ನಿಗೆ ನಾಲ್ಕು ಬಿದ್ರೆ ಚಂದ್ರನ್ನ ಕದ್ದೋನೂ ನಾನೇ ಅಂತೀನಿ.”

“ಕಳ್ಳರನ್ನ ತೊಡೆ ಮೇಲೆ ಕೂರಿಸ್ಕೊಂಡು ಮುದ್ದು ಮಾಡ್ಬೇಕೇನೋ? ತಪ್ಪು ಮಾಡದೋನಿಗೆ ಯಾಕೆ ಭಯ?”

“ತಪ್ಪು ಮಾಡಿದ್ದಾನೋ ಇಲ್ವೋ ನೋಡೋಕೆ ಕೋರ್ಟು ಇದೆಯಲ್ಲ. ಶಿಕ್ಷೆ ಠಾಣೇಲೇ ಮುಗಿದ್ರೆ ನ್ಯಾಯಾಧೀಶರು ಅಲ್ಲಿ ನೊಣ ಹೊಡೀಬೇಕಾ?”

“ತಟ್ಟೆ ಮುಂದೆ ಠಾಣೆ ಸುದ್ದಿ ಬೇಡ್ರೋ,” ಎಂದು ಅಜ್ಜಿ ಗದರಿದಳು. “ತುತ್ತು ಗಂಟಲಲ್ಲಿ ಇಳಿಯಲ್ಲ.”

ಆ ವಾರವೇ ಹೊಸ ಸಾಹೇಬನಿಗೆ ಹೊಸ ಪಟ್ಟಿ ಹೋಯಿತು. ಹೊಲಿದವಳು ಅವಳೇ, ಮನಸ್ಸನ್ನು ಎಲ್ಲೋ ಗಿಳಿಯ ಹಿಂದೆ ಬಿಟ್ಟು.

ಸ್ವಲ್ಪ ದಿನಕ್ಕೆ ಬಟ್ಟೆ ಅಂಗಡಿಯೊಂದರಲ್ಲಿ ಕಳವಾಯಿತು. ಹಿಂದಿನ ದಿನ ಅಲ್ಲಿಗೆ ಚೀಲ ಕೊಡಲು ಹೋಗಿದ್ದವನು ಅಣ್ಣ. ಅಷ್ಟೇ ಸಾಕಾಯಿತು. ಪೊಲೀಸರು ಅವನನ್ನು ಠಾಣೆಗೆ ಎಳೆದುಕೊಂಡು ಹೋದರು. ಅವಳೂ ಹಿಂದೆಯೇ ಓಡಿದಳು.

“ಬೆಲ್ಟ್ ಬಿಚ್ಚೋ,” ಎಂದ ಸಾಹೇಬ.

ಅಣ್ಣ ಬಿಚ್ಚಿ ತಂಗಿಯ ಕೈಗಿಟ್ಟ. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ, “ಜೋಪಾನ ಕಣೇ, ಸಂಜೆಗೆ ಬೇಕು. ಪ್ಯಾಂಟ್ ಜಾರೋ ರಾಜಕುಮಾರ ಅಜ್ಜಿ ಕತೇಲಿ ಇಲ್ಲ,” ಎಂದು ನಕ್ಕ.

“ಏನೂ ಆಗಲ್ಲ. ಸಾಹೇಬ್ರು ನಮ್ಮೋರು,” ಎಂದು ಅಪ್ಪ ಮನೆಯಲ್ಲಿ ಎಲ್ಲರಿಗೂ ಧೈರ್ಯ ಹೇಳಿದ.

ಮರುದಿನ ಹೆಣ ಬಂತು. ಮೆಟ್ಟಿಲಿಂದ ಜಾರಿ ಬಿದ್ದನಂತೆ. ಆ ಠಾಣೆಗಿದ್ದುದು ಒಂದು ಹೊಸ್ತಿಲು ಮಾತ್ರ! ಕಳ್ಳ ಬೇರೆಯವನೆಂದು ಆಮೇಲೆ ಗೊತ್ತಾಯಿತು. ಗೊತ್ತಾಗಿ ಏನು ಬಂತು?

ಅಮ್ಮ ಮಗನ ಮೈ ತೊಳೆಯಲೆಂದು ಮಗ್ಗುಲಿಗೆ ಹೊರಳಿಸಿದಳು. ಬೆನ್ನ ತುಂಬ ಬಾಸುಂಡೆ. ಒಂದೊಂದು ಬಾಸುಂಡೆಯ ಅಂಚಿನಲ್ಲೂ ಸಣ್ಣ ಸಣ್ಣ ಗೆರೆಗಳ ಸಾಲು, ಗಾಳಿಗೆ ಬಗ್ಗಿದ ಹುಲ್ಲಿನಂತೆ ಒಂದೇ ಪಕ್ಕಕ್ಕೆ ವಾಲಿದ್ದವು.

ಅವಳು ಅಳಲಿಲ್ಲ. ಅಂಗಡಿಗೆ ಹೋಗಿ ತನ್ನ ದಬ್ಬಳವನ್ನು ತಂದು ಬಾಗಿಲ ಚೌಕಟ್ಟಿಗೆ ಚುಚ್ಚಿ ನಿಲ್ಲಿಸಿದಳು. “ಅಣ್ಣಾ, ನಿನ್ನ ಬೆಲ್ಟ್ ಬಿಚ್ಚಿಸಿದೋನ ಬೆಲ್ಟ್ ಬಿಚ್ಚಿಸ್ತೀನಿ. ಅಲ್ಲೀವರೆಗೂ ಇದನ್ನ ಮುಟ್ಟಲ್ಲ.”

ದೂರು ಕೊಡುತ್ತೇನೆಂದಾಗ ನೆಂಟರೆಲ್ಲ ಬುದ್ಧಿ ಹೇಳಿದರು. ಎಲ್ಲರಿಗಿಂತ ಹೆಚ್ಚು ಹೇಳಿದವನು ಅಪ್ಪ. “ಬೆಟ್ಟಕ್ಕೆ ತಲೆ ಚಚ್ಚಿಕೊಂಡ್ರೆ ಒಡೆಯೋದು ಬೆಟ್ಟ ಅಲ್ಲ ಮಗಳೇ. ಹೋದೋನು ಹೋದ.”

“ಹೋಗಲಿಲ್ಲಪ್ಪಾ. ಕಳಿಸಿದ್ರು.”

ಅವಳ ದೂರನ್ನು ಕೈಗೆತ್ತಿಕೊಂಡವಳು ಒಬ್ಬ ವಕೀಲಮ್ಮ. “ಬೆನ್ನು ಮಣ್ಣಾಗಿಹೋಯ್ತು, ಡಾಕ್ಟರು ಬಿದ್ದ ಗಾಯ ಅಂತ ಬರೆದುಬಿಟ್ಟ,” ಎಂದಳು. “ಹೊಡೆದದ್ದು ಯಾವುದರಿಂದಲೋ ಅದೇ ಕೈಗೆ ಸಿಗ್ಬೇಕಮ್ಮ.”

ಆಗ ಅವಳಿಗೆ ಅಜ್ಜಿಯ ಕತೆ ಹೊಳೆಯಿತು. ಈ ರಾಕ್ಷಸನ ಪ್ರಾಣ ಅವನ ಟೋಪಿಯಲ್ಲಿಲ್ಲ, ಪಿಸ್ತೂಲಿನಲ್ಲಿಲ್ಲ. ಅದು ಸತ್ಯಪ್ಪನೊಳಗಿದೆ. ಅದನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾಗಿಲ್ಲ. ಅದೇ ನಡೆದುಕೊಂಡು ಬರುತ್ತದೆ.

ಕಾದಳು. ಸಾಹೇಬ ಜೀಪಿನಲ್ಲಿ ಅಂಗಡಿಯ ಮುಂದೆ ಹೋಗುವಾಗ ಮೀಸೆಯ ಮೇಲೆ ಕೈಯಾಡಿಸುತ್ತಿದ್ದ. ಅವಳು ತಲೆ ತಗ್ಗಿಸುತ್ತಿದ್ದಳು, ಹೆದರಿ ಅಲ್ಲ, ಕಣ್ಣಲ್ಲಿದ್ದುದು ಅವನಿಗೆ ಕಾಣಬಾರದೆಂದು.

ಕೊನೆಗೂ ಒಂದು ಬೆಳಿಗ್ಗೆ ಪೇದೆ ಬಂದು ಗಂಟನ್ನು ಕಟ್ಟೆಯ ಮೇಲೆ ಧೊಪ್ಪೆಂದು ಹಾಕಿದ. “ಮಾಮೂಲಿ. ಬೇಗ ಬೇಕಂತೆ.” ಕೊಂದದ್ದನ್ನು ಸತ್ತವನ ಮನೆಗೇ ರಿಪೇರಿಗೆ ಕಳಿಸುತ್ತಿದ್ದೇವೆಂಬ ಅಳುಕು ಅವನ ಮುಖದಲ್ಲಿರಲಿಲ್ಲ. ಅವರಿಗೆ ಅದು ಹರಿದ ಬೆಲ್ಟಿನಂತೆ ಇನ್ನೊಂದು ಸಾಮಾನು.

ಅಪ್ಪನ ಕೈ ಅಭ್ಯಾಸಬಲದಿಂದ ಗಂಟು ಬಿಚ್ಚಿತು. ಸತ್ಯಪ್ಪ ಹೊರಬಿದ್ದ. ಅಂಚಿನ ಹೊಲಿಗೆ ಕಿತ್ತು, ಎರಡು ಪದರಗಳ ನಡುವೆ ಕಪ್ಪಗೆ ಏನೋ ಒಣಗಿ ಅಂಟಿಕೊಂಡಿತ್ತು.

“ಮುಟ್ಬೇಡಪ್ಪಾ!”

“ಒರೆಸಿ, ಹೊಲಿದು ಕೊಟ್ಬಿಡೋಣ,” ಎಂದ ಅಪ್ಪ. “ನನಗೆ ಮಕ್ಕಳು ಅಂತ ಉಳಿದಿರೋಳು ನೀನೊಬ್ಬಳೇ.”

“ಒರೆಸು. ನಿನ್ನ ಮಗ ಅಂತ ಉಳಿದಿರೋದು ಅಷ್ಟೇ. ನಿನ್ನ ಕೈಯಾರೆ ಒರೆಸಿ ಹಾಕು.”

ಅಪ್ಪ ಆ ಕಪ್ಪನ್ನೇ ನೋಡಿದ. ಅಜ್ಜಿ ಒಳಗಿನಿಂದ ಬಂದು ಗೋಡೆಗೆ ಒರಗಿ ನಿಂತಳು. ಆಮೇಲೆ ಅಪ್ಪ ಶುಭ್ರವಾದ ಬಟ್ಟೆಯೊಂದನ್ನು ತಂದು, ಹಸುಗೂಸನ್ನು ಸುತ್ತುವಂತೆ ಅದನ್ನು ಸುತ್ತಿದ. “ವಕೀಲಮ್ಮನ ಮನೆ ಯಾವ ಕಡೆ?” ಎಂದು ಕೇಳಿದ.

ಪದರದೊಳಗಿದ್ದುದು ರಕ್ತವೇ ಎಂದು ಪರೀಕ್ಷೆ ಹೇಳಿತು. ಅಪ್ಪ ಅಮ್ಮನ ರಕ್ತಕ್ಕೆ ಹೋಲಿಸಿ ನೋಡಿ, ಅವರ ಮಗನದೇ ಎಂದಿತು. ಅವನದಷ್ಟೇ ಅಲ್ಲ, ಇನ್ನೂ ಯಾರ ಯಾರದೋ ಎಂದಿತು. ಆ ಸುದ್ದಿ ಹಬ್ಬಿದ್ದೇ ತಡ, ಆ ‘ಯಾರ ಯಾರೋ’ ಒಬ್ಬೊಬ್ಬರಾಗಿ ಕೋರ್ಟಿನ ಪಡಸಾಲೆಗೆ ಬಂದರು. ಒಬ್ಬ ಕುಂಟುತ್ತ ಬಂದ, ಒಬ್ಬ ಕೇಳದ ಕಿವಿಗೆ ಕೈ ಹಿಡಿದು ಬಂದ. ಇಷ್ಟು ವರ್ಷ ಬಾಯಿ ಬಿಡದವರು ನ್ಯಾಯಾಧೀಶರ ಮುಂದೆ ಅಂಗಿ ಎತ್ತಿ ಬೆನ್ನು ತೋರಿಸಿದರು.

ಸಾಹೇಬನ ವಕೀಲ ಅಪ್ಪನನ್ನು ಕುಟುಕಿದ. “ಇದನ್ನು ಮಾಡಿಕೊಟ್ಟವನು ನೀನೇ ಅಲ್ಲವೇನಯ್ಯಾ? ಯಾತಕ್ಕೆ ಅಂತ ಗೊತ್ತಿರಲಿಲ್ಲವೇ?”

“ಗೊತ್ತಿತ್ತು ಸ್ವಾಮಿ,” ಎಂದ ಅಪ್ಪ. “ಬೇರೆಯವರ ಮಕ್ಕಳ ಬೆನ್ನಿಗೆ ಅಂತ ಮಾಡಿದ್ದೆ.”

ಓದುವವರೇ, ಆ ಮಾತಿಗೆ ಕೋರ್ಟಿನಲ್ಲಿ ಯಾರೂ ತಲೆ ಎತ್ತಲಿಲ್ಲ. ‘ನಾಲ್ಕು ಬಿಟ್ಟರೆ ಸರಿಹೋಗುತ್ತಾನೆ’ ಎಂದು ನಾವೂ ನೀವೂ ಎಷ್ಟು ಸಲ ಅಂದಿಲ್ಲ?

ತೀರ್ಪಿನ ದಿನ ಸಾಹೇಬನಿಗೆ ಜೈಲಾಯಿತು. ಜೈಲಿಗೆ ಒಯ್ಯುವ ಮೊದಲು ಅವನನ್ನು ತಪಾಸಣೆಗೆಂದು ಕರೆದೊಯ್ದ ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಅಣ್ಣನ ಬೆಲ್ಟನ್ನು ಕೈಗೆ ಸುತ್ತಿಕೊಂಡು ಹೊಸ್ತಿಲಲ್ಲಿ ನಿಂತಳು.

“ಬೆಲ್ಟ್ ಬಿಚ್ಚಿ,” ಎಂದ ಕಾವಲಿನವನು.

“ನಾನ್ಯಾರು ಗೊತ್ತೇನೋ ನಿನಗೆ?”

“ಗೊತ್ತು. ಬಿಚ್ಚಿ.”

ಸಾಹೇಬ ಬಿಚ್ಚಿದ. ಮೇಜಿನ ಮೇಲೆ ಬಿದ್ದ ಬೆಲ್ಟಿನ ಅಂಚಿನಲ್ಲಿ ಗಾಳಿಗೆ ಬಗ್ಗಿದ ಹುಲ್ಲಿನಂಥ ಹೊಲಿಗೆ. ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಹೊರಗಿನ ವ್ಯಾನಿನ ಕಡೆ ಹೊರಟ. ಅವಳು ದಾರಿ ಬಿಡುತ್ತ, ಅವನಿಗಷ್ಟೇ ಅಲ್ಲ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದಳು: “ಇಲ್ಲಿ ಮೆಟ್ಟಿಲಿದೆ ಸಾಹೇಬ್ರೇ. ನಿಜವಾಗ್ಲೂ ಇದೆ. ಜಾರೀರಿ, ಜೋಪಾನ.”

ಮನೆಗೆ ಬಂದವಳೇ ಚೌಕಟ್ಟಿನಲ್ಲಿ ತುಕ್ಕು ಹಿಡಿದು ನಿಂತಿದ್ದ ದಬ್ಬಳವನ್ನು ಎಡಗೈಯಿಂದ ಹಿಡಿದು ಕಿತ್ತಳು.